ತುಕ್ಕು ಹಿಡಿದ ಕಾರಿಗೆ ದುಡ್ಡು ಹಾಕಬಹುದೇ?

ಹಳೆಯ ಕಾರು ಕೊಳ್ಳಲು ಹೊರಟ ಬೆಂಗಳೂರಿನವರು ನಂಬರ್ ಪ್ಲೇಟಿನಲ್ಲಿ ಕೆಎ 19, ಕೆಎ 20 ಕಂಡರೆ ಸ್ವಲ್ಪ ಹಿಂಜರಿಯುತ್ತಾರೆ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಮೊದಲು ಅಡಿ ನೋಡಬೇಕು ಎನ್ನುವುದು ಸೆಕೆಂಡ್‌ಹ್ಯಾಂಡ್ ವ್ಯಾಪಾರದಲ್ಲಿ ಹಳೆಯ ಮಾತು. ಆ ಮಾತಿಗೆ ಆಧಾರವೂ ಇದೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಮಳೆ ಹೋದ ಮೇಲೂ ಗಾಳಿಯಲ್ಲಿ ತೇವ ಇರುತ್ತದೆ, ಉಪ್ಪು ಇರುತ್ತದೆ. ಸಾಲದ್ದಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಹಿಂದೆ ಬರುವ ಗಾಡಿಗಳ ಅಡಿಗೆಲ್ಲ ಸಿಡಿಯುತ್ತದೆ. ಇಂಥ ಹವೆಯಲ್ಲಿ ಹದಿನೈದು ವರ್ಷ ಓಡಿದ ಮಾರುತಿ 800, ಝೆನ್, ಸ್ಯಾಂಟ್ರೊ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಯೋಚನೆಗೆ ಬೀಳುತ್ತಾರೆ: ತುಕ್ಕು ತೆಗೆಸಿ ಪೇಂಟ್ ಮಾಡಿಸುವುದೋ, ಗುಜರಿಗೆ ಕೊಡುವುದೋ?

ತುಕ್ಕು ಎಷ್ಟಿದೆ ಎಂದು ಲೆಕ್ಕ ಹಾಕುವ ಮೊದಲು ಎಲ್ಲಿದೆ ಎಂದು ನೋಡಬೇಕು. ನನ್ನ ಮಟ್ಟಿಗೆ ತೀರ್ಮಾನವೆಲ್ಲ ಅದರ ಮೇಲೇ ನಿಂತಿದೆ.

ಕಾರಿನ ಹೊರ ಹಾಳೆಯ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕಲ್ಲು ಸಿಡಿದು ಬಣ್ಣ ಹಾರಿದ ಜಾಗದಲ್ಲಿ ನೀರು, ಗಾಳಿ ಕಬ್ಬಿಣಕ್ಕೆ ತಾಗುತ್ತವೆ. ಉಪ್ಪು ಸೇರಿದರೆ ತುಕ್ಕು ಬೇಗ ಬೇಗ ಬೆಳೆಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದಲೇ ಅದು ಬಣ್ಣವನ್ನು ಗುಳ್ಳೆಯಂತೆ ಮೇಲೆತ್ತುತ್ತದೆ. ಬಾನೆಟ್ಟಿನ ನಡುವೆ ಗುಳ್ಳೆ ಎದ್ದಿದ್ದರೆ ತುಕ್ಕು ಹೊರಗಿನಿಂದ ಬಂದದ್ದು, ಗಾಬರಿ ಬೇಡ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ಬೀಡಿಂಗಿನ ಕೆಳಮೂಲೆ, ಇಂಥ ಕಡೆ ಗುಳ್ಳೆ ಕಂಡರೆ ಮಾತ್ರ ಒಳಗಿನ ಕೆಲಸ ಎಂದೋ ಶುರುವಾಗಿದೆ ಎಂದೇ ತಿಳಿಯಬೇಕು. ಬಾಗಿಲೊಳಗೆ ಇಳಿದ ನೀರು ಹೊರಹೋಗಲು ಕೆಳಗೆ ಸಣ್ಣ ತೂತುಗಳಿರುತ್ತವೆ. ಮಣ್ಣು, ಕೊಳೆತ ಎಲೆ ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ.

ಮಹೀಂದ್ರಾ ಜೀಪು, ಬೊಲೆರೊಗಳಿಗೆ ಕೆಳಗೆ ಪ್ರತ್ಯೇಕ ಚಾಸಿ ಇದೆ. ಮೇಲಿನ ತಗಡು ಸವೆದರೂ ಭಾರ ಹೊರುವುದು ಚಾಸಿ. ಮಾರುತಿ 800ರಂಥ ಸಣ್ಣ ಕಾರಿಗೆ ಆ ಅನುಕೂಲವಿಲ್ಲ. ಅದರ ಫ್ಲೋರ್, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಬಾಗಿಲ ನಡುವಿನ ಪಿಲ್ಲರ್ ಎಲ್ಲ ಒಂದಕ್ಕೊಂದು ಬೆಸೆದೇ ಗಾಡಿ ನಿಂತಿರುವುದು. ಶಾಕ್ ಅಬ್ಸಾರ್ಬರ್ ಕೂರುವುದು ಆ ತಗಡಿಗೆ. ಸೀಟ್ ಬೆಲ್ಟಿನ ಬೋಲ್ಟ್ ಕಚ್ಚಿ ಹಿಡಿದಿರುವುದೂ ಆ ತಗಡಿಗೇ. ಅಲ್ಲಿ ತುಕ್ಕು ತಿಂದರೆ ಹೊರಗೆ ಎಷ್ಟೇ ಹೊಳಪಿದ್ದರೂ ಅಪಘಾತದ ಹೊತ್ತಿಗೆ ಆ ಕಾರು ಯಾರನ್ನೂ ಕಾಯಲಾರದು.

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಕಾಲಡಿಯ ಮ್ಯಾಟು, ಅದರ ಕೆಳಗಿನ ಕಾರ್ಪೆಟ್ಟು ಎತ್ತಿ ಕೈಯಾಡಿಸಿ ನೋಡಿ. ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡು, ನೀರು ಒಳಗೆ ಹರಿದು ಕಾರ್ಪೆಟ್ಟು ತಿಂಗಳುಗಟ್ಟಲೆ ಒದ್ದೆಯಾಗಿ ಇರುವುದುಂಟು. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಗುಂಡಿ ನೋಡಿ. ಬ್ಯಾಟರಿ ಕೂರುವ ತಟ್ಟೆಯನ್ನೂ ನೋಡಿ, ಆಸಿಡ್ ಬಿದ್ದು ಅದು ಸವೆದಿರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ರನ್ನಿಂಗ್ ಬೋರ್ಡಿನ ಅಡಿಭಾಗವನ್ನು ತಟ್ಟಿ, ಒತ್ತಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಹಾಳಾದದ್ದು ಒಳಕ್ಕೆ ಕುಸಿಯುತ್ತದೆ. ಹೊರ ಹಾಳೆಯ ಮೇಲೆ ಒಂದು ಆಯಸ್ಕಾಂತ ಓಡಿಸಿ. ಅದು ಹಿಡಿಯದೆ ಜಾರುವ ಕಡೆ ಒಳಗಿರುವುದು ಪುಟ್ಟಿ. ಕೊನೆಗೆ ಜಾಕಿ ಪಾಯಿಂಟಿಗೆ ಜಾಕಿ ಕೊಟ್ಟು ಮೆಲ್ಲಗೆ ಎತ್ತಿಸಿ. ಜಾಕಿ ತಗಡಿನೊಳಕ್ಕೆ ಹೂತರೆ, ಅಥವಾ ಎತ್ತಿದ ಮೇಲೆ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಾಡಿಯ ಬಲವೇ ಹೋಗಿದೆ ಎಂದರ್ಥ.

ತುಕ್ಕಿಗಿಂತ ಹೆಚ್ಚು ಹಾನಿ ಮಾಡುವುದು ಅರೆಬರೆ ರಿಪೇರಿ. ಮೇಲೆ ಮೇಲೆ ಉಜ್ಜಿ, ತೂತಿಗೆ ಫೈಬರ್ ತುಂಡು ಅಂಟಿಸಿ, ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಗಾಡಿ ಒಂದು ಮಳೆಗಾಲದವರೆಗೆ ಹೊಸದರಂತೆ ಕಾಣುತ್ತದೆ. ಪುಟ್ಟಿ ತೇವ ಹೀರುತ್ತದೆ, ಹೀರಿದ ತೇವವನ್ನು ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತದೆ. ಗೆದ್ದಲು ತಿಂದ ತೊಲೆಗೆ ವಾರ್ನಿಶ್ ಹೊಡೆದ ಹಾಗೆ ಅದು. ಪೇಂಟಿಗೆ ಕೊಟ್ಟ ದುಡ್ಡು ಹೋಗುವುದಲ್ಲದೆ, ಇನ್ನೂ ಉಳಿಸಬಹುದಾಗಿದ್ದ ತಗಡೂ ಆ ಮುಚ್ಚಿಗೆಯೊಳಗೆ ಕರಗಿಹೋಗುತ್ತದೆ.

ಸರಿಯಾದ ಕೆಲಸಕ್ಕೆ ಸಮಯ ಬೇಕು. ತುಕ್ಕು ತಿಂದ ಭಾಗವನ್ನು ಬಿಳಿ ಕಬ್ಬಿಣ ಕಾಣುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ತಗಡನ್ನು ಆಕಾರಕ್ಕೆ ತಟ್ಟಿ ಬೆಸೆಯಬೇಕು. ಗ್ಯಾಸ್ ವೆಲ್ಡಿಂಗಿನ ಬಿಸಿ ಅಗಲಕ್ಕೆ ಹರಡಿ ತೆಳು ತಗಡನ್ನು ಸೊಟ್ಟ ಮಾಡುತ್ತದೆ, ಸುತ್ತಲಿನ ಬಣ್ಣವನ್ನೂ ಸುಡುತ್ತದೆ. ಸಿಒ2 ವೆಲ್ಡಿಂಗ್ ಇದಕ್ಕೆ ಮೇಲು. ಬೆಸುಗೆಯ ಹಿಂಬದಿಯಲ್ಲಿ ಬಣ್ಣ ಸುಟ್ಟಿರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅಲ್ಲಿಗೂ ಪ್ರೈಮರ್, ಸೀಲರ್ ತಲುಪಬೇಕು. ಪೊಳ್ಳು ಭಾಗಗಳಿಗೆ ಮೇಣದ ಸ್ಪ್ರೇ ಹೊಡೆಸಬೇಕು. ಇಲ್ಲದಿದ್ದರೆ ಹೊಸ ತಗಡೇ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಟಿಂಕರಿಂಗ್‌ನವರಿಗೆ ಒಂದು ಮಾತು ಹೇಳಿಡಿ: “ಪುಟ್ಟಿ ಹಾಕುವ ಮುಂಚೆ ಕರೀರಿ, ಬಂದು ನೋಡ್ತೇನೆ.” ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಪಡುವುದಿಲ್ಲ, ತನ್ನ ಬೆಸುಗೆಯನ್ನು ತಾನೇ ಕರೆದು ತೋರಿಸುತ್ತಾನೆ. ಡಾಲಿ, ಸುತ್ತಿಗೆ ಹಿಡಿದು ಚಪ್ಪಟೆ ಹಾಳೆಗೆ ಫೆಂಡರಿನ ಬಾಗು ತರಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಅಂಥವರು ನಿಮ್ಮೂರಿನಲ್ಲಿದ್ದರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಕಾಲವೂ ಮುಖ್ಯ. ಕರಾವಳಿ, ಮಲೆನಾಡಿನಲ್ಲಿ ಈ ಕೆಲಸವನ್ನು ಡಿಸೆಂಬರಿನಿಂದ ಏಪ್ರಿಲಿನ ಒಳಗೆ ಮುಗಿಸಬೇಕು. ಮಳೆಗಾಲದಲ್ಲಿ ಮಾಡಿಸಿದರೆ ಪ್ರೈಮರಿನ ಕೆಳಗೇ ತೇವ ಕೂತುಬಿಡುತ್ತದೆ.

ಇನ್ನು ದುಡ್ಡಿನ ಮಾತು. ಸವೆತ, ಸಹಜ ಹಾನಿಯನ್ನು ವಿಮೆ ಹೊರಗಿಡುತ್ತದೆ. ಹಾಗಾಗಿ ತುಕ್ಕಿನ ಖರ್ಚು ಪೂರ್ತಿ ನಿಮ್ಮದೇ. 15 ವರ್ಷ ಮೀರಿದ ಕಾರಿನ ಆರ್‌ಸಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ, 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ರಿಪೇರಿಯ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ. ಆದರೆ ರಿಪೇರಿಯ ಖರ್ಚನ್ನು ಕಾರಿನ ಮಾರುಬೆಲೆಗೆ ಹೋಲಿಸುವುದು ಸರಿಯಲ್ಲ. ಮಾರುವ ಯೋಚನೆಯೇ ಇಲ್ಲದಿದ್ದರೆ ಮಾರುಬೆಲೆ ಕಟ್ಟಿಕೊಂಡು ಏನು? ಅಷ್ಟೇ ಚೆನ್ನಾಗಿ ಓಡುವ, ತುಕ್ಕಿಲ್ಲದ ಇನ್ನೊಂದು ಕಾರಿಗೆ ಎಷ್ಟು ಕೊಡಬೇಕು ಎಂದು ನೋಡಿ. ಎಂಜಿನ್, ಗೇರ್‌ಬಾಕ್ಸ್ ಚೆನ್ನಾಗಿದ್ದು ತುಕ್ಕು ಬಾಗಿಲು, ಫೆಂಡರ್, ಬಾನೆಟ್ಟಿನಲ್ಲಷ್ಟೇ ಇದ್ದರೆ ರಿಪೇರಿ ಖಂಡಿತ ಲಾಭ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿದ್ದರೂ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದಲ್ಲಿ ಹುಡುಕಿದರೆ ಬೇಕಾದ ಬಿಡಿಭಾಗ ಸಿಗುವ ಸಾಧ್ಯತೆ ಹೆಚ್ಚು. ಫ್ಲೋರಿನಲ್ಲಿ ಒಂದೆರಡು ಕಡೆ ತೂತಿದ್ದು ಸುತ್ತಲ ತಗಡು ಗಟ್ಟಿಯಿದ್ದರೆ, ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವವರು ಮಾತ್ರ ಮಾಡಿಸಿಕೊಳ್ಳಲಿ. ರನ್ನಿಂಗ್ ಬೋರ್ಡ್, ಪಿಲ್ಲರಿನ ಬುಡ, ಶಾಕ್ ಅಬ್ಸಾರ್ಬರ್ ಕೂರುವ ಜಾಗ ಮೂರೂ ಹೋಗಿದ್ದರೆ, ಅಪ್ಪ ಕೊಂಡ ಮೊದಲ ಕಾರೇ ಆಗಿದ್ದರೂ, ಮನೆಮಂದಿಯನ್ನು ಅದರಲ್ಲಿ ಕೂರಿಸಬೇಡಿ. ಇಡೀ ಬಾಡಿ ಬಿಚ್ಚಿ ಕಟ್ಟಿಸುವಷ್ಟು ಪ್ರೀತಿ, ದುಡ್ಡು ಎರಡೂ ಇದ್ದವರ ಮಾತು ಬೇರೆ.

ತುಕ್ಕು ತಡೆಯಲೆಂದು ಕಾರಿನ ಅಡಿಗೆ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ಅದು ರಬ್ಬರ್ ಬುಶ್‌ಗಳನ್ನು ಮೆತ್ತಗೆ ಮಾಡುತ್ತದೆ, ತೊಟ್ಟಿಕ್ಕಿ ಮಣ್ಣನ್ನೂ ಕೆಡಿಸುತ್ತದೆ, ಬಿಟ್ಟುಬಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಭಾಗಕ್ಕೆ ಸಿಹಿನೀರು ಹೊಡೆದು, ನೀರಿನ ತೂತುಗಳನ್ನು ಕಡ್ಡಿ ಹಾಕಿ ತೆರವು ಮಾಡಿ. ಒದ್ದೆ ಕಾರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ.

ತುಕ್ಕು ಹಿಡಿದ ಕಾರನ್ನು ಮಾರುವವರಲ್ಲಿ ಒಂದು ಬಿನ್ನಹ. ಪುಟ್ಟಿ ಮೆತ್ತಿ ಮುಚ್ಚಬೇಡಿ. ಕೊಳ್ಳಲು ಬಂದವರಿಗೆ ಕಾರ್ಪೆಟ್ಟು ಎತ್ತಿ ಫ್ಲೋರ್ ತೋರಿಸಿ, ಆಮೇಲೆ ಬೆಲೆ ಮಾತಾಡಿ. ನಾಳೆ ಆ ಸೀಟಿನಲ್ಲಿ ಕೂರುವುದು ಅವರ ಮಕ್ಕಳು.