ಕಥೆಗಾರನಿಗೊಬ್ಬ ಕೇಳುಗ

ಸಂಘದ ಕಾರ್ಯದರ್ಶಿಗಳು ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ ನಾನು ತುಸು ಅಳುಕಿದೆನು. ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳನ್ನು ಕುರಿತು ಬಲ್ಲ ವೈದ್ಯರು ಬರೆಯುವ ಪುಟಗಳಿವು. ವಾಣಿಜ್ಯ ಪದವಿ ಪಡೆದು, ಬ್ಯಾಂಕಿನಲ್ಲಿ ಸಾಲದ ಕಡತಗಳನ್ನು ಪರಿಶೀಲಿಸುತ್ತ ಕಾಲ ಕಳೆಯುವ ನನ್ನಂಥವನು ಇಲ್ಲಿ ಬರೆಯುವುದಾದರೂ ಏನನ್ನು? ಆದರೆ ನನಗೆ ಇನ್ನೊಂದು ಹವ್ಯಾಸವೂ ಉಂಟು. ನಾನು ಸಣ್ಣ ಕಥೆಗಳನ್ನು ಬರೆಯುತ್ತೇನೆ. ಕೆಲವು ವರ್ಷಗಳಿಂದ ನಾವು ಐದಾರು ಜನ ಮುಂಬಯಿಯ ಕನ್ನಡಿಗರು ತಿಂಗಳಿಗೊಂದು ಭಾನುವಾರ ಮಾಟುಂಗದ ಗೆಳೆಯರೊಬ್ಬರ ಮನೆಯಲ್ಲಿ ಸೇರಿ, ಓದಿದ್ದನ್ನೂ ಬರೆದದ್ದನ್ನೂ ಪರಸ್ಪರ ಹಂಚಿಕೊಳ್ಳುತ್ತಿದ್ದೇವೆ. ಆ ಕೂಟದಲ್ಲಿ ಕಲಿತದ್ದನ್ನೂ, ನನ್ನಿಂದ ನಡೆದುಹೋದ ಒಂದು ತಪ್ಪನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಥೆ ಬರೆಯುವುದು ಏಕಾಂತದ ಕೆಲಸವೆಂಬ ಮಾತು ಪ್ರಸಿದ್ಧವಾಗಿದೆ. ಬರೆಯುವ ಗಳಿಗೆಯ ಮಟ್ಟಿಗೆ ಅದು ನಿಜ. ಬರೆದಾದ ಮೇಲೆ ಮಾತ್ರ ಕಥೆಗೆ ಕೇಳುವ ಕಿವಿಯೊಂದು ಬೇಕೇ ಬೇಕು. ನಮ್ಮ ಹಿರಿಯರು ಕವಿಯ ಜೊತೆಗೆ ಸಹೃದಯನನ್ನೂ ಹೇಳಿದ್ದು ಸುಮ್ಮನಲ್ಲ. ಊರಿನಲ್ಲಿರುವವನಿಗೆ ಆ ಕಿವಿ ನೆರೆಮನೆಯಲ್ಲಿ ದೊರೆತೀತು, ಗ್ರಂಥಾಲಯದ ಕಟ್ಟೆಯ ಮೇಲೆ ದೊರೆತೀತು. ಹೊರನಾಡಿನ ಕನ್ನಡಿಗನ ಪಾಡು ಬೇರೆ. ಕಚೇರಿಯಲ್ಲಿ ಇಂಗ್ಲಿಷು, ಲೋಕಲ್ ಗಾಡಿಯಲ್ಲಿ ಹಿಂದಿ, ಮಾರುಕಟ್ಟೆಯಲ್ಲಿ ಮರಾಠಿ, ಮನೆಯಲ್ಲಿ ಮಕ್ಕಳೊಡನೆ ಈ ಮೂರರ ಮಿಶ್ರಣ. ಇವುಗಳ ನಡುವೆ ಅವನು ರಾತ್ರಿ ಹತ್ತರ ಮೇಲೆ ಕುಳಿತು ಬರೆದ ಕನ್ನಡ ಕಥೆಯನ್ನು ಓದುವವರು ಯಾರು? ಅದು ಮೇಜಿನ ಖಾನೆಯಲ್ಲಿ ಉಳಿಯುತ್ತದೆ. ಎರಡು ಮೂರು ಕಥೆಗಳು ಹೀಗೆ ಖಾನೆ ಸೇರಿದ ಮೇಲೆ ಬರೆಯುವ ಕೈಯೂ ನಿಲ್ಲುತ್ತದೆ.

ದೊಡ್ಡವರಿಗೂ ಬೇಕಾಯಿತು

ವಿಶ್ವವಿಖ್ಯಾತ ಕಥೆಗಾರರಿಗೂ ಈ ಅಗತ್ಯ ತಪ್ಪಲಿಲ್ಲವೆಂಬುದು ನನ್ನಂಥವರಿಗೆ ಸಮಾಧಾನದ ಸಂಗತಿ. ಫ್ರಾನ್ಸಿನ ಮೊಪಾಸಾ ಪ್ಯಾರಿಸಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ರಜೆಯ ದಿನಗಳಲ್ಲಿ ತಾನು ಬರೆದದ್ದನ್ನು ಹಿರಿಯ ಕಾದಂಬರಿಕಾರ ಫ್ಲೋಬೇರನಿಗೆ ಒಪ್ಪಿಸುತ್ತಿದ್ದನು. ಈ ಶಿಷ್ಯವೃತ್ತಿ ಸುಮಾರು ಏಳು ವರ್ಷ ನಡೆಯಿತು. ಅಂಗಡಿಯ ಬಾಗಿಲಲ್ಲಿ ಕುಳಿತ ದಿನಸಿ ವ್ಯಾಪಾರಿಯನ್ನು ಚಿತ್ರಿಸುವುದಾದರೆ, ಬೇರಾವ ದಿನಸಿ ವ್ಯಾಪಾರಿಯೊಡನೆಯೂ ಓದುಗನು ಅವನನ್ನು ಬೆರೆಸಿಕೊಳ್ಳದಂತೆ ಚಿತ್ರಿಸಬೇಕೆಂಬುದು ಗುರುವಿನ ಪಾಠವಾಗಿತ್ತು. 1888ರಲ್ಲಿ ಹೊರಬಂದ ತನ್ನ ಕಾದಂಬರಿಯೊಂದಕ್ಕೆ ಬರೆದ ಮುನ್ನುಡಿಯಲ್ಲಿ ಮೊಪಾಸಾ ಇದನ್ನು ಕೃತಜ್ಞತೆಯಿಂದ ನೆನೆದಿದ್ದಾನೆ. 1880ರಲ್ಲಿ ಝೋಲಾನೂ ಅವನ ಕಿರಿಯ ಗೆಳೆಯರೂ ಸೇರಿ, ಒಟ್ಟು ಆರು ಜನ, ತಲಾ ಒಂದು ಯುದ್ಧದ ಕಥೆ ಬರೆದು ಸಂಕಲನವೊಂದನ್ನು ಹೊರತಂದರು. ಅದರಲ್ಲಿದ್ದ ‘ಬೂಲ್ ದ ಸ್ವೀಫ್’ ಎಂಬ ಒಂದೇ ಕಥೆಯಿಂದ ಆ ಗುಮಾಸ್ತನು ಖ್ಯಾತನಾದನು. ಗುರುವಾದ ಫ್ಲೋಬೇರನು ಅದನ್ನೋದಿ ಮನಸಾರೆ ಮೆಚ್ಚಿದ್ದನು. ಅದೇ ವರ್ಷ ಮೇ ತಿಂಗಳಲ್ಲಿ ಅವನು ತೀರಿಕೊಂಡನು.

ರಷ್ಯದ ಚೆಕಾಫ್ ವೈದ್ಯ. ಈ ಸಂಚಿಕೆಯ ವೈದ್ಯ ಲೇಖಕರಿಗೆ ಆತನ ಹೆಸರು ಹೆಮ್ಮೆಯದಾಗಬೇಕು. ಸಂಸಾರವನ್ನು ಸಾಕುವುದಕ್ಕಾಗಿ ಆತ ಗುಪ್ತನಾಮದಲ್ಲಿ ವಿನೋದ ಪತ್ರಿಕೆಗಳಿಗೆ ಅವಸರದ ಕಥೆಗಳನ್ನು ಬರೆದುಕೊಡುತ್ತಿದ್ದನು. 1886ರ ಮಾರ್ಚಿಯಲ್ಲಿ ಗ್ರಿಗೊರೊವಿಚ್ ಎಂಬ ಹಿರಿಯ ಕಾದಂಬರಿಕಾರನಿಂದ ಆತನಿಗೆ ಅನಿರೀಕ್ಷಿತವಾಗಿ ಒಂದು ಪತ್ರ ಬಂದಿತು. ನಿನ್ನಲ್ಲಿ ನಿಜವಾದ ಪ್ರತಿಭೆಯಿದೆ, ಅದನ್ನು ಗೌರವಿಸು, ಅವಸರದ ಬರಹವನ್ನು ಬಿಡು ಎಂಬುದು ಅದರ ಸಾರಾಂಶ. ಆಗ ಚೆಕಾಫನಿಗೆ 26 ವರ್ಷ. ಯಾವ ಕಥೆಗೂ ತಾನು ಒಂದು ದಿನಕ್ಕಿಂತ ಹೆಚ್ಚು ಕಾಲ ಕೊಟ್ಟ ನೆನಪಿಲ್ಲವೆಂದು ಆತ ಉತ್ತರದಲ್ಲಿ ಒಪ್ಪಿಕೊಂಡನು. ಹದಿಮೂರು ವರ್ಷಗಳ ಅನಂತರ ಆತನೇ ಹಿರಿಯನ ಸ್ಥಾನದಲ್ಲಿ ನಿಂತು ಗಾರ್ಕಿಗೆ ಪತ್ರ ಬರೆದನು. ಸಾಧ್ಯವಿದ್ದಲ್ಲೆಲ್ಲ ವಿಶೇಷಣಗಳನ್ನು ಹೊಡೆದುಹಾಕು, ಅವು ಹೆಚ್ಚಾದರೆ ಓದುಗನ ಮನಸ್ಸು ಎಲ್ಲಿಯೂ ನಿಲ್ಲಲಾರದೆ ದಣಿಯುತ್ತದೆ ಎಂಬುದು ಅದರಲ್ಲಿನ ಸಲಹೆ. ಒಬ್ಬರಿಂದ ಪಡೆದ ಸಾಲವನ್ನು ಮತ್ತೊಬ್ಬರಿಗೆ ತೀರಿಸುವ ವಿಚಿತ್ರ ಲೆಕ್ಕವಿದು. ನಮ್ಮ ಬ್ಯಾಂಕಿನ ನಿಯಮಗಳಿಗೆ ಇದು ಒಪ್ಪುವುದಿಲ್ಲ. ಸಾಹಿತ್ಯದಲ್ಲಿ ಮಾತ್ರ ಇದೇ ರೂಢಿ.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಇಪ್ಪತ್ತನೆಯ ಶತಮಾನದ ಮೂವತ್ತು ನಲವತ್ತರ ದಶಕಗಳಲ್ಲಿ ‘ಇಂಕ್ಲಿಂಗ್ಸ್’ ಎಂಬ ಗೆಳೆಯರ ಬಳಗವಿತ್ತು. ಅಧ್ಯಾಪಕರಾದ ಸಿ. ಎಸ್. ಲೂಯಿಸರ ಕೊಠಡಿಯಲ್ಲಿ ಗುರುವಾರದ ಸಂಜೆ ಸೇರಿ, ಬರೆಯುತ್ತಿದ್ದ ಕೃತಿಗಳನ್ನು ಅವರು ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದರು. ಟಾಲ್ಕಿನ್ ತಮ್ಮ ಬೃಹತ್ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಅಲ್ಲಿ ಕಂತು ಕಂತಾಗಿ ಓದಿದರು. 1937ರ ಕೊನೆಯಲ್ಲಿ ಪ್ರಾರಂಭವಾದ ಆ ಕೃತಿ ಅಚ್ಚಾದದ್ದು 1954-55ರಲ್ಲಿ. ಲೂಯಿಸರ ಒತ್ತಾಸೆಯಿಲ್ಲದಿದ್ದರೆ ಅದು ಮುಗಿಯುತ್ತಲೇ ಇರಲಿಲ್ಲವೆಂದು ಟಾಲ್ಕಿನ್ ಮುಂದೆ ನೆನೆದರು. ಅದೇ ಟಾಲ್ಕಿನ್‌ಗೆ ಲೂಯಿಸರ ನಾರ್ನಿಯಾ ಕಥೆಗಳು ಹಿಡಿಸಲಿಲ್ಲ. ಅಭಿರುಚಿಗಳು ಹೊಂದದಿದ್ದರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಪೋಷಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ನಮ್ಮಲ್ಲಿಯೂ ಇಂಥ ಪರಂಪರೆಗೆ ಕೊರತೆಯಿಲ್ಲ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪು ಎಲ್ಲರಿಗೂ ಗೊತ್ತು. ಅದೇ ಊರಿನಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ವು ಪುಸ್ತಕ ಪ್ರಕಟಣೆಯ ಸ್ಥಳವಾಗಿದ್ದಂತೆ ಲೇಖಕರು ಕುಳಿತು ಮಾತಾಡುವ ಸ್ಥಳವೂ ಆಗಿತ್ತು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಒಡನಾಟ ಅಲ್ಲಿ ಹೊಸಬರಿಗೆ ದೊರೆಯುತ್ತಿತ್ತು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’, ಗಿರೀಶ ಕಾರ್ನಾಡರ ‘ಯಯಾತಿ’, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಅಲ್ಲಿಂದಲೇ ಹೊರಬಂದವು.

‘ಸಂಸ್ಕಾರ’ದ ಹುಟ್ಟು ಹೊರನಾಡಿನ ನಮಗೆ ಇನ್ನಷ್ಟು ಹತ್ತಿರದ್ದು. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ, ತಮ್ಮ ಅಧ್ಯಾಪಕರೂ ಕಾದಂಬರಿಕಾರರೂ ಆದ ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಲನಚಿತ್ರವನ್ನು ನೋಡಿದರು. ಚಿತ್ರ ನೋಡಿದ ಮೇಲೆ ಇಬ್ಬರು ಲೇಖಕರ ನಡುವೆ ನಡೆದ ಮಾತುಕತೆಯೇ ಆ ಕಾದಂಬರಿಗೆ ಪ್ರೇರಣೆಯಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಕನ್ನಡ ಕೇಳದ ಊರಿನಲ್ಲಿ ಕುಳಿತು ಮಲೆನಾಡಿನ ಅಗ್ರಹಾರವನ್ನು ಅವರು ಕಂಡರು. ನಮ್ಮ ಮುಂಬಯಿಯಲ್ಲಿಯೇ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಿದ್ದ ಯಶವಂತ ಚಿತ್ತಾಲರು ತಮ್ಮ ಹನೇಹಳ್ಳಿಯನ್ನು ಕಥೆ ಕಥೆಯಲ್ಲಿಯೂ ಮರುಸೃಷ್ಟಿಸಿದರು. 1979ರ ‘ಶಿಕಾರಿ’ಯಲ್ಲಿ ಈ ನಗರದ ಕಚೇರಿ ಜೀವನದ ಭಯವನ್ನು ತೋರಿಸಿದರು. ಆ ಕಾದಂಬರಿಯನ್ನೋದಿದ ವಾರ ನಾನು ನನ್ನ ಮೇಲಧಿಕಾರಿಗಳ ಮುಖವನ್ನೇ ಬೇರೆ ಬಗೆಯಲ್ಲಿ ನೋಡತೊಡಗಿದ್ದೆನು.

ನಮ್ಮ ಚಿಕ್ಕ ಕೂಟ

ಈ ಮಹನೀಯರೆದುರು ನಮ್ಮ ಕೂಟ ತೀರ ಚಿಕ್ಕದು. ವಿಜಯಪುರ ಕಡೆಯ ನಿವೃತ್ತ ರೈಲ್ವೆ ನೌಕರರೊಬ್ಬರು, ಕುಂದಾಪುರ ಕಡೆಯ ಹೋಟೆಲ್ ವ್ಯವಸ್ಥಾಪಕರೊಬ್ಬರು, ಕನ್ನಡ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ಅಧ್ಯಾಪಕಿಯೊಬ್ಬರು, ಆಸ್ಪತ್ರೆಯೊಂದರ ದಾದಿಯೊಬ್ಬರು ಮತ್ತು ನಾನು. ಮೊದಲ ಅರ್ಧ ಗಂಟೆ ಪ್ರತಿಯೊಬ್ಬರೂ ಆ ತಿಂಗಳಲ್ಲಿ ಓದಿದ ಪುಸ್ತಕದ ವಿಷಯ ಹೇಳಬೇಕು. ಸ್ವಂತ ಕಥೆ ಅನಂತರವೇ.

ನಮ್ಮ ಅಭಿರುಚಿಗಳು ನಾಲ್ಕು ದಿಕ್ಕಿಗೆ ಎಳೆಯುತ್ತವೆ. ಅಧ್ಯಾಪಕಿಯವರಿಗೆ ತ್ರಿವೇಣಿಯವರೆಂದರೆ ಪ್ರಾಣ. ರೈಲ್ವೆಯವರಿಗೆ ಭೈರಪ್ಪನವರನ್ನು ಬಿಟ್ಟರೆ ಬೇರೆ ದೇವರಿಲ್ಲ. ದಾದಿಯವರು ತೇಜಸ್ವಿಯವರ ‘ಕರ್ವಾಲೊ’ವನ್ನು ರಾತ್ರಿ ಪಾಳಿಯಲ್ಲಿ ಎಷ್ಟೋ ಸಲ ಓದಿದ್ದಾರೆ. ಮೊದಮೊದಲು ಇದರಿಂದ ವಾದವಿವಾದವೇ ಹೆಚ್ಚಾಗುತ್ತಿತ್ತು. ಬರಬರುತ್ತ ನಮಗೊಂದು ಪ್ರಯೋಜನ ಕಾಣಿಸಿತು. ಒಬ್ಬರು ಏನನ್ನು ಓದಿ ಮೆಚ್ಚುತ್ತಾರೆಂಬುದು ತಿಳಿದಿದ್ದರೆ, ಅವರು ನಮ್ಮ ಕಥೆಯ ಬಗೆಗೆ ಹೇಳುವ ಮಾತಿನ ತೂಕವೂ ತಿಳಿಯುತ್ತದೆ. ಕಥೆ ನಿಧಾನವಾಯಿತೆಂದು ದಾದಿಯವರು ಹೇಳಿದರೆ ನಾನು ತುಸು ಯೋಚಿಸುತ್ತೇನೆ. ಸಾವಧಾನದ ಓದುಗರಾದ ರೈಲ್ವೆಯವರೇ ಹಾಗೆ ಹೇಳಿದರೆ ಎರಡು ಪುಟಗಳನ್ನು ತೆಗೆದುಬಿಡುತ್ತೇನೆ.

ಕಥೆಯನ್ನು ಗಟ್ಟಿಯಾಗಿ ಓದಬೇಕೆಂಬುದು ನಮ್ಮ ಎರಡನೆಯ ನಿಯಮ. ಹಿಂದೆ ಮನೆಗಳಲ್ಲಿ ಗದುಗಿನ ಭಾರತವನ್ನು ಓದಿಸಿ ಕೇಳುತ್ತಿದ್ದ ಜನ ನಾವು. ಕಣ್ಣಿಗೆ ತಪ್ಪಿಸಿಕೊಂಡ ದೋಷ ಕಿವಿಗೆ ಸಿಕ್ಕಿಬೀಳುತ್ತದೆ. ಕುಂದಾಪುರದವರು ಹೋಟೆಲಿನ ಮಾಣಿಯೊಬ್ಬನ ಕಥೆಯನ್ನು ಓದುತ್ತಿದ್ದರು. ಅದರಲ್ಲಿ ಮಾಣಿಯು, “ಇದು ನನ್ನಿಂದ ಸಾಧ್ಯವಾಗಲಾರದು, ಧಣಿಗಳೇ” ಎಂದು ಹೇಳುತ್ತಾನೆ. ರೈಲ್ವೆಯವರು ತಡೆದು, “ಏನ್ರೀ ಸಾಹೇಬ್ರ, ನಿಮ್ಮ ಹೋಟೆಲಿನ ಹುಡುಗ ಹೀಂಗ ಮಾತಾಡ್ತಾನೇನ್ರಿ?” ಎಂದು ಕೇಳಿದರು. ಎಲ್ಲರೂ ನಕ್ಕರು. ಮುಂದಿನ ತಿಂಗಳು ಆ ಮಾತು, “ಅದ್ ನನ್ಹತ್ರ ಆತಿಲ್ಲೆ, ಧಣಿ” ಎಂದಾಗಿತ್ತು. ಅಷ್ಟರಿಂದಲೇ ಮಾಣಿಗೆ ಊರೂ ಬಂದಿತು, ವಯಸ್ಸೂ ಬಂದಿತು. ಇಪ್ಪತ್ತು ವರ್ಷ ಮುಂಬಯಿಯಲ್ಲಿದ್ದ ಪಾತ್ರದ ಮಾತಿನಲ್ಲಿ ಹಿಂದಿ, ಮರಾಠಿ ಶಬ್ದಗಳು ಎಷ್ಟು ಬರಬಹುದೆಂಬ ಚರ್ಚೆ ಮಾತ್ರ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ನಾನು ಮಾಡಿದ ತಪ್ಪು

ಈಗ ನನ್ನ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ಗದಗ ಕಡೆಯ ತರುಣನೊಬ್ಬನು ನಮ್ಮ ಕೂಟಕ್ಕೆ ಬಂದನು. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅವನ ಮೊದಲ ಕಥೆ ತಂದೆಯ ಸಾವನ್ನು ಕುರಿತದ್ದಾಗಿತ್ತು. ರಜೆ ದೊರೆಯದೆ ಒಂದು ದಿನ ತಡವಾಗಿ ಹೊರಟ ಮಗ ಊರು ಮುಟ್ಟುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಕಥೆಯ ಪ್ರತಿಯನ್ನು ಅವನು ಮುಂಚಿತವಾಗಿಯೇ ಕಳುಹಿಸಿದ್ದನು.

ನಾನು ಅದನ್ನು ಕಡತ ಪರಿಶೀಲಿಸುವಂತೆ ಪರಿಶೀಲಿಸಿದೆನು. ರಾತ್ರಿ ಹೊರಟ ಬಸ್ಸು ತಲುಪುವ ವೇಳೆ ತಪ್ಪು, ಎರಡನೆಯ ಪುಟದಲ್ಲಿ ಅಕ್ಕನಾದವಳು ಐದನೆಯ ಪುಟದಲ್ಲಿ ತಂಗಿ, ವಿಶೇಷಣಗಳು ಅತಿ, ಕೊನೆಯಲ್ಲಿ ಕಣ್ಣೀರು ಅತಿ. ಹೀಗೆ 14 ದೋಷಗಳಿಗೆ ಕ್ರಮಸಂಖ್ಯೆ ಹಾಕಿ, ಒಂದು ಹಾಳೆಯಲ್ಲಿ ಬರೆದು, ಎಲ್ಲರೆದುರು ಓದಿ ಅವನ ಕೈಗಿತ್ತೆನು. ಚೆಕಾಫನ ಸಲಹೆಯನ್ನು ಪಾಲಿಸಿದೆನೆಂಬ ಹಮ್ಮು ಬೇರೆ. ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, “ಆಗಲಿ ಸರ್, ತಿದ್ದತೀನಿ” ಎಂದನು.

ಆ ದಿನ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದುಬಂದ ಅಧ್ಯಾಪಕಿಯವರು, “ನೀವು ಹೇಳಿದ ಹದಿನಾಲ್ಕೂ ಸರಿ. ಆದರೆ ಆ ಕಥೆಯಲ್ಲಿ ನಿಮಗೆ ಒಳ್ಳೆಯದು ಒಂದೂ ಕಾಣಿಸಲಿಲ್ಲವೇ?” ಎಂದು ಕೇಳಿದರು. ಕಾಣಿಸಿತ್ತು. ಮಗ ಬಸ್ಸಿನಿಂದಿಳಿದು ಮನೆಯತ್ತ ನಡೆಯುವಾಗ ಅವನ ಚೀಲದಲ್ಲಿ ತಂದೆಗೆಂದು ದಾದರಿನಲ್ಲಿ ಕೊಂಡ ಚಪ್ಪಲಿಗಳಿರುತ್ತವೆ. ಅಂಗಳದಲ್ಲಿ ಜನ ಬಿಟ್ಟ ಚಪ್ಪಲಿಗಳ ರಾಶಿಯನ್ನು ಕಂಡು, ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿಕೊಳ್ಳುತ್ತಾನೆ. ಅದನ್ನೋದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬಂದಿರಲಿಲ್ಲ. ನನ್ನ ಹಾಳೆಯಲ್ಲಿ ಮಾತ್ರ ಅದಕ್ಕೆ ಕ್ರಮಸಂಖ್ಯೆಯಿರಲಿಲ್ಲ.

ಮುಂದಿನ ತಿಂಗಳು ಅವನು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ದೂರವಾಣಿ ಮಾಡಿದಾಗ ಕೆಲಸ ಬಹಳವೆಂದನು. ಕೆಲವು ತಿಂಗಳು ಕಳೆದು ಮತ್ತೆ ಮಾಡಿದರೆ ಆ ಸಂಖ್ಯೆಯೇ ಇರಲಿಲ್ಲ. ಅವನು ಕೆಲಸ ಬದಲಿಸಿ ಬೇರೆ ಊರಿಗೆ ಹೋದನೆಂದು ಕೇಳಿದೆನು. ಕಥೆ ಬರೆಯುವುದನ್ನು ಬಿಟ್ಟನೋ ಮುಂದುವರಿಸಿದನೋ ತಿಳಿಯಲಿಲ್ಲ. ಗ್ರಿಗೊರೊವಿಚ್‌ನ ಒಂದು ಪತ್ರ ಒಬ್ಬ ಕಥೆಗಾರನನ್ನು ಎಚ್ಚರಿಸಿತು. ನನ್ನ ಒಂದು ಹಾಳೆ ಏನು ಮಾಡಿತೆಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ನಮ್ಮ ಕೂಟದಲ್ಲಿ ಮೂರನೆಯ ನಿಯಮ ಸೇರಿತು. ಕಥೆ ಮುಗಿದೊಡನೆ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ಉಳಿದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಇದು ಮುಖಸ್ತುತಿಯಲ್ಲ. ಯಾವುದು ನಿಂತಿತೆಂದು ತಿಳಿದರೆ ತಾನೇ ಯಾವುದನ್ನು ತೆಗೆಯಬೇಕೆಂಬುದು ಬರೆದವನಿಗೆ ಹೊಳೆಯುತ್ತದೆ? ದೋಷಗಳು ಅನಂತರ, ಅದೂ ಎರಡು ಮೂರನ್ನು ಮೀರದಂತೆ. ಉಳಿದವು ಮುಂದಿನ ತಿಂಗಳಿಗೆ. ಈ ನಿಯಮ ಬಂದ ಮೇಲೆ ಕೂಟವನ್ನು ಬಿಟ್ಟು ಹೋದವರಿಲ್ಲ.

ಈ ಸಂಚಿಕೆಯನ್ನೋದುವ ಕನ್ನಡ ಬಂಧುಗಳಲ್ಲಿ ಮೇಜಿನ ಖಾನೆಯೊಳಗೆ ಕಥೆಯಿಟ್ಟುಕೊಂಡವರು ಹಲವರಿರಬಹುದು. ಅಂಥವರು ತಮ್ಮ ನಗರದಲ್ಲಿಯೇ ಮೂರು ನಾಲ್ಕು ಜನರನ್ನು ಹುಡುಕಿಕೊಂಡು, ತಿಂಗಳಿಗೊಮ್ಮೆ ಕುಳಿತು ಓದಿರಿ ಎಂದು ವಿನಂತಿಸುತ್ತೇನೆ. ಸಭಾಂಗಣ ಬೇಡ, ಹಾರ ತುರಾಯಿ ಬೇಡ, ಐದು ಲೋಟ ಕಾಫಿ ಸಾಕು. ಹೊರನಾಡಿನಲ್ಲಿ ಕನ್ನಡ ಉಳಿಯಬೇಕಾದರೆ ಅದರಲ್ಲಿ ಹೊಸದಾಗಿ ಹೇಳುವವರೂ ಬೇಕು, ಕುಳಿತು ಕೇಳುವವರೂ ಬೇಕು.

ಸಂಘದ ಸ್ಮರಣ ಸಂಚಿಕೆ ದೂರದೂರದ ಕನ್ನಡಿಗರ ಮನೆಗಳನ್ನು ಸೇರುತ್ತದೆ. ಗದಗ ಕಡೆಯ ಆ ಗೆಳೆಯರ ಕಣ್ಣಿಗೆ ಈ ಪುಟ ಬಿದ್ದರೆ ಒಂದು ಮಾತು: ಆ ಚಪ್ಪಲಿಗಳ ಸಂಗತಿಯನ್ನು ನಾನು ಇನ್ನೂ ಮರೆತಿಲ್ಲ. ಅಂದೇ ಹೇಳಬೇಕಾಗಿತ್ತು, ಹೇಳಲಿಲ್ಲ, ಕ್ಷಮಿಸಿರಿ. ಬಸ್ಸಿನ ವೇಳೆಯನ್ನು ಬೇಕಾದರೆ ತಿದ್ದಿಕೊಳ್ಳಿರಿ, ಆ ಚೀಲವನ್ನು ಮಾತ್ರ ಹಾಗೆಯೇ ಇರಗೊಡಿರಿ. ಭಾನುವಾರ ಸಂಜೆ ನಾವು ಈಗಲೂ ಅದೇ ಮನೆಯಲ್ಲಿ ಸೇರುತ್ತೇವೆ.