ಕೇಸು ಮುಗಿದರೆ ಸಾಲದು, ಕಾಗದವೂ ಕೈಯಲ್ಲಿರಬೇಕು

ವೀಸಾ ಬಂದಿದೆ, ಮೆಡಿಕಲ್ ಆಗಿದೆ, ಟಿಕೆಟ್ ಮಾತ್ರ ಬಾಕಿ. ಅಷ್ಟರಲ್ಲಿ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ, ಅರ್ಧದಲ್ಲಿ ನಿಂತುಬಿಡುತ್ತದೆ. ವಿಚಾರಿಸಿದರೆ ಹತ್ತು ವರ್ಷದ ಹಿಂದಿನ ಒಂದು ಹೊಡೆದಾಟದ ಕೇಸು. "ಅದು ಖುಲಾಸೆಯಾಗಿ ಎಷ್ಟು ಕಾಲ ಆಯ್ತು, ಈಗ ಎಂತದು?" ಎಂದು ಉಮ್ಮ ಕೇಳುತ್ತಾರೆ. ಪ್ರಶ್ನೆ ಸರಿಯೇ. ಆದರೆ ಖುಲಾಸೆಯಾದದ್ದು ಕೋರ್ಟಿನಲ್ಲಿ. ಠಾಣೆಯ ದಾಖಲೆಯಲ್ಲಿ ಆ ಮಾತು ಸೇರಿದೆಯೇ ಎಂದು ಯಾರೂ ನೋಡಿರುವುದಿಲ್ಲ. ತೀರ್ಪಿನ ಪ್ರತಿಯೂ ಮನೆಯಲ್ಲಿ ಇರುವುದಿಲ್ಲ.

ಗಲ್ಫ್ ಉದ್ಯೋಗ, ಪಾಸ್‌ಪೋರ್ಟ್ ನವೀಕರಣ, ಸರಕಾರಿ ಕೆಲಸ ಎಲ್ಲದಕ್ಕೂ ಹಳೆಯ ದಾಖಲೆ ಅಡ್ಡ ಬರಬಹುದು. ಬೇರೆಯವರು ನೋಡುವ ಮೊದಲು ನಮ್ಮ ದಾಖಲೆಯನ್ನು ನಾವೇ ನೋಡಿಕೊಳ್ಳುವುದು ಬುದ್ಧಿವಂತಿಕೆ. ಇದರಲ್ಲಿ ಬಹಳಷ್ಟನ್ನು ಮನೆಯಲ್ಲಿ ಕೂತು, ಮೊಬೈಲಿನಲ್ಲೇ, ಒಂದು ಪೈಸೆ ಖರ್ಚಿಲ್ಲದೆ ಮಾಡಲಿಕ್ಕೆ ಆಗುತ್ತದೆ.

ದಾಖಲೆ ಎಲ್ಲೆಲ್ಲಿ ಉಂಟು?

ಒಬ್ಬನ ಮೇಲಿರುವ ಎಲ್ಲ ಕೇಸುಗಳನ್ನು ಒಂದೇ ಕಡೆ ತೋರಿಸುವ, ಜನಸಾಮಾನ್ಯರು ತೆರೆದು ನೋಡಬಹುದಾದ ಪಟ್ಟಿ ನಮ್ಮಲ್ಲಿ ಇಲ್ಲ. ಹುಡುಕಬೇಕಾದ ಜಾಗ ಎರಡು: ಎಫ್‌ಐಆರ್ ಇರುವ ಪೊಲೀಸ್ ಠಾಣೆ ಮತ್ತು ಕೇಸು ನಡೆಯುವ ನ್ಯಾಯಾಲಯ. ಇವೆರಡರ ಹೊರಗೆ ರೌಡಿ ಶೀಟ್‌ನಂತಹ ಠಾಣೆಯ ಸ್ವಂತ ರಿಜಿಸ್ಟರ್‌ಗಳೂ ಇರುತ್ತವೆ.

ಮೊದಲು ಠಾಣೆ ಯಾರ ವ್ಯಾಪ್ತಿಯಲ್ಲಿದೆ ಎಂದು ತಿಳಿದಿರಬೇಕು. ಮಂಗಳೂರು ನಗರ, ಉಳ್ಳಾಲ, ಕೊಣಾಜೆ, ಸುರತ್ಕಲ್, ಬಜ್ಪೆ, ಮುಲ್ಕಿ, ಮೂಡುಬಿದಿರೆ ಠಾಣೆಗಳು ಮಂಗಳೂರು ಪೊಲೀಸ್ ಕಮಿಷನರ್ ಕೈಕೆಳಗೆ ಬರುತ್ತವೆ. ಬಂಟ್ವಾಳ, ವಿಟ್ಲ, ಪುತ್ತೂರು, ಉಪ್ಪಿನಂಗಡಿ, ಬೆಳ್ತಂಗಡಿ, ಸುಳ್ಯ, ಕಡಬ ಕಡೆಯವು ಜಿಲ್ಲಾ ಎಸ್‌ಪಿ ವ್ಯಾಪ್ತಿಯವು. ಅರ್ಜಿ ತಪ್ಪು ಕಚೇರಿಗೆ ಹೋದರೆ ದಿನ ಹಾಳು.

ಎಫ್‌ಐಆರ್ ಪಡೆಯುವುದು

ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಸಂತ್ರಸ್ತರಿಗೂ ಈ ಹಕ್ಕು ಕೊಟ್ಟಿದೆ. ಹಾಗಾದರೆ ಆರೋಪಿಗೆ? 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ತನ್ನ ಹೆಸರು ಎಫ್‌ಐಆರ್‌ನಲ್ಲಿ ಇರಬಹುದೆಂಬ ಸಂಶಯ ಇರುವವನು ತಾನೇ, ಇಲ್ಲವೇ ತನ್ನ ಪರವಾಗಿ ಬೇರೆಯವರ ಮೂಲಕ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಪೊಲೀಸರು 24 ಗಂಟೆಯೊಳಗೆ ಪ್ರತಿ ಕೊಡಬೇಕು. ನ್ಯಾಯಾಲಯದಲ್ಲಿ ಕೇಳಿದರೆ ಎರಡು ಕೆಲಸದ ದಿನದೊಳಗೆ ಸಿಗಬೇಕು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಹಾಕಬೇಕೆಂದೂ ಅದೇ ತೀರ್ಪು ಹೇಳಿದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂತಹ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ.

ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕುವ ವಿಭಾಗ ಉಂಟು. ಜಿಲ್ಲೆ, ಠಾಣೆ, ಎಫ್‌ಐಆರ್ ನಂಬರ್, ವರ್ಷ ಇಷ್ಟು ಬೇಕು. ಹಾಗಾಗಿ ಕೇಸು ಬಿದ್ದ ದಿನವೇ ಕ್ರೈಮ್ ನಂಬರ್ ಮತ್ತು ವರ್ಷವನ್ನು ಬರೆದಿಟ್ಟುಕೊಳ್ಳಿ. ಮುಂದಿನ ಹುಡುಕಾಟಕ್ಕೆಲ್ಲ ಅದೇ ಬೀಗದ ಕೈ.

ದೋಷಾರೋಪ ಪಟ್ಟಿಯ ಕತೆ ಬೇರೆ. ಅದು ಸಾರ್ವಜನಿಕ ದಾಖಲೆಯಲ್ಲ, ಅದನ್ನು ಅಂತರ್ಜಾಲದಲ್ಲಿ ಹಾಕಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಆರೋಪಿಗೆ ಮಾತ್ರ ಅದರ ಪ್ರತಿ ಪಡೆಯುವ ಹಕ್ಕು ಇದ್ದೇ ಇದೆ. ಆತ ನ್ಯಾಯಾಲಯಕ್ಕೆ ಹಾಜರಾದ 14 ದಿನದೊಳಗೆ ಕೊಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ.

ಮೊಬೈಲಿನಲ್ಲಿ ಕೋರ್ಟು

ನ್ಯಾಯಾಲಯದ ದಾಖಲೆಗೆ 'ಇ-ಕೋರ್ಟ್ಸ್ ಸರ್ವಿಸಸ್' ಎಂಬ ಸರಕಾರಿ ವೆಬ್‌ಸೈಟ್ ಮತ್ತು ಆ್ಯಪ್ ಉಂಟು. ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಅದು ಗೊತ್ತಿದ್ದರೆ ಒಂದೇ ಸಲಕ್ಕೆ ಎಲ್ಲ ತೆರೆಯುತ್ತದೆ. ಗೊತ್ತಿಲ್ಲದಿದ್ದರೆ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ ಎಫ್‌ಐಆರ್ ನಂಬರಿನಿಂದಲೋ ಹೆಸರಿನಿಂದಲೋ ಹುಡುಕಬಹುದು. ಮಂಗಳೂರಿನಲ್ಲಿ ಸಿಗದಿದ್ದರೆ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಮೂಡುಬಿದಿರೆ ನ್ಯಾಯಾಲಯಗಳನ್ನೂ ಬೇರೆ ಬೇರೆಯಾಗಿ ನೋಡಬೇಕು. ಬಾಕಿ ಇರುವ ಕೇಸು, ಮುಗಿದ ಕೇಸು ಎರಡೂ ಕಡೆ ಹುಡುಕಲು ಮರೆಯಬೇಡಿ.

ಹೆಸರಿನಿಂದ ಹುಡುಕುವಾಗ ನಮ್ಮವರಿಗೆ ಒಂದು ವಿಶೇಷ ಕಷ್ಟ ಉಂಟು. ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಮೂರನ್ನೂ ಇಂಗ್ಲಿಷಿನಲ್ಲಿ ನಾಲ್ಕಾರು ತರ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದು ಸ್ಪೆಲ್ಲಿಂಗ್, ಎಫ್‌ಐಆರ್‌ನಲ್ಲಿ ಇನ್ನೊಂದು. ಕೆಲವು ಸಲ ಊರಿನವರು ಕರೆಯುವ ಹೆಸರೇ ಕೇಸಿನಲ್ಲಿ ಇರುತ್ತದೆ. ಎಲ್ಲ ತರದಲ್ಲೂ ಹುಡುಕಿ. ಅದೇ ರೀತಿ, ಒಂದೇ ಹೆಸರಿನ ಹತ್ತು ಮಂದಿ ಇರುತ್ತಾರೆ. ತಂದೆಯ ಹೆಸರು, ವಿಳಾಸ, ಠಾಣೆ ತಾಳೆಯಾಗದೆ "ಇದು ಅವನದ್ದೇ" ಎಂದು ತೀರ್ಮಾನಿಸಬೇಡಿ.

ತೆರೆದ ಮೇಲೆ ಏನು ನೋಡಬೇಕು?

ಕೇಸು 'ಮುಗಿದಿದೆ' ಎಂದು ಕಂಡರೆ ಸಾಲದು, ಹೇಗೆ ಮುಗಿಯಿತು ಎಂದು ನೋಡಬೇಕು. 'ಬಿ ರಿಪೋರ್ಟ್' ಅಂದರೆ ತನಿಖೆಯಲ್ಲಿ ಕೇಸಿಗೆ ಆಧಾರ ಇಲ್ಲವೆಂದು ಪೊಲೀಸರು ವರದಿ ಕೊಟ್ಟಿದ್ದಾರೆ. ಕೋರ್ಟು ಅದನ್ನು ಒಪ್ಪಿದೆಯೇ ಎಂಬುದು ಮುಖ್ಯ. ರಾಜಿಗೆ ಅವಕಾಶ ಇರುವ ಕೇಸು ನ್ಯಾಯಾಲಯದಲ್ಲೇ ರಾಜಿಯಾದರೆ ಕಾನೂನಿನಲ್ಲಿ ಅದಕ್ಕೆ ಖುಲಾಸೆಯ ಬೆಲೆಯೇ ಉಂಟು. ಜಮಾಅತಿನ ಹಿರಿಯರು ಕೂತು ಗಲಾಟೆ ಮುಗಿಸಿದರೆ ಮನಸ್ಸು ಸರಿಯಾಗಬಹುದು, ಊರು ತಣ್ಣಗಾಗಬಹುದು. ಆದರೆ ಆ ರಾಜಿಯನ್ನು ಕೋರ್ಟಿನ ಮುಂದೆ ಇಡದಿದ್ದರೆ ಕೇಸು ಹಾಗೆಯೇ ನಡೆಯುತ್ತಿರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ: "ದಂಡ ಕಟ್ಟಿ ಮುಗಿಸಿದೆವು." ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಶಿಕ್ಷೆಯೇ, ಖುಲಾಸೆಯಲ್ಲ. ದಿನಾ ಕೋರ್ಟಿಗೆ ಅಲೆಯುವ ಕಷ್ಟ ತಪ್ಪಿಸಲು ಹುಡುಗರು ಹೀಗೆ ಮಾಡುತ್ತಾರೆ. ಮುಂದೆ "ಶಿಕ್ಷೆಯಾಗಿದೆಯೇ?" ಎಂದು ಅರ್ಜಿಯಲ್ಲಿ ಕೇಳಿದಾಗ 'ಇಲ್ಲ' ಎಂದು ಬರೆದರೆ ಸುಳ್ಳಾಗುತ್ತದೆ. ಸಹಿ ಹಾಕುವ ಮೊದಲು ವಕೀಲರಲ್ಲಿ ಕೇಳಿ.

ಗಲ್ಫಿನಲ್ಲಿ ಇರುವವರ ಮನೆಯವರು ಇದನ್ನು ಗಮನವಿಟ್ಟು ಓದಬೇಕು. ಕೇಸು ಬಿದ್ದು ಜಾಮೀನು ಸಿಕ್ಕಿದ ಮೇಲೆ ಹುಡುಗ ವಿಮಾನ ಹತ್ತಿರುತ್ತಾನೆ. ಆಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ಸಮನ್ಸ್ ಬರುತ್ತದೆ, ಆತ ಹಾಜರಿರುವುದಿಲ್ಲ. ಸಮನ್ಸ್ ಹೋಗಿ ವಾರಂಟ್ ಆಗುತ್ತದೆ. ನ್ಯಾಯಾಲಯ ಅವನ ಭಾಗವನ್ನು ಬೇರ್ಪಡಿಸಿ, ಉಳಿದವರ ವಿಚಾರಣೆ ಮುಗಿಸಿ ಬಿಡುಗಡೆ ಮಾಡುತ್ತದೆ. "ಎಲ್ಲರೂ ಖುಲಾಸೆ" ಎಂಬ ಸುದ್ದಿ ಊರಿನಲ್ಲಿ ಹರಡುತ್ತದೆ, ಇವನ ಕೇಸು ಮಾತ್ರ ಎಲ್‌ಪಿಸಿ ಎಂದು ಬಾಕಿ ಉಳಿಯುತ್ತದೆ. ಲುಕೌಟ್ ಸುತ್ತೋಲೆ ಕೂಡ ಇದ್ದರೆ ರಜೆಯಲ್ಲಿ ಬರುವ ದಿನ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಇ-ಕೋರ್ಟ್ಸ್‌ನಲ್ಲಿ ಮುಂದಿನ ದಿನಾಂಕ, ಯಾವ ಹಂತ ಎಂದು ಕಾಣುತ್ತದೆ. ಟಿಕೆಟ್ ಮಾಡುವ ಮೊದಲೇ ನೋಡಿ ವಕೀಲರ ಮೂಲಕ ವಾರಂಟ್ ರದ್ದತಿಗೆ ದಾರಿ ಹುಡುಕಬಹುದು. ಬಂದಿಳಿದ ಮೇಲೆ ಓಡಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಪ್ರತಿ ಪಡೆದು ಠಾಣೆಗೆ ಕೊಡಿ

ಮೊಬೈಲಿನಲ್ಲಿ ಕಂಡದ್ದು ಮಾಹಿತಿಗೆ ಮಾತ್ರ. ಕಚೇರಿಗಳಲ್ಲಿ ನಡೆಯುವುದು ದೃಢೀಕೃತ ಪ್ರತಿ, ಅಂದರೆ ಸರ್ಟಿಫೈಡ್ ಕಾಪಿ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕೆಂದು ಕಾನೂನು ಉಂಟು. ಖುಲಾಸೆಯಾದವನು ತಾನೇ ಅರ್ಜಿ ಹಾಕಬೇಕು. ಸಂತೋಷದಲ್ಲಿ ಮನೆಗೆ ಬಂದವರು ಇದನ್ನೇ ಮರೆಯುವುದು. ಆ ನ್ಯಾಯಾಲಯದ ನಕಲು ವಿಭಾಗದಲ್ಲಿ ಕೇಸ್ ನಂಬರ್ ಕೊಟ್ಟು, ಶುಲ್ಕ ಕಟ್ಟಿ ಪಡೆಯಬಹುದು. ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯಬೇಡಿ. ನ್ಯಾಯಾಲಯದ ದಾಖಲೆಗಳ ಪ್ರತಿಯನ್ನು ನ್ಯಾಯಾಲಯದ ನಿಯಮದಂತೆಯೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ತಡಮಾಡುವುದೂ ಬೇಡ, ಹಳೆಯ ಕಡತಗಳನ್ನು ನಿಗದಿತ ಅವಧಿಯ ನಂತರ ನಾಶ ಮಾಡುವ ನಿಯಮ ನ್ಯಾಯಾಲಯಗಳಲ್ಲಿ ಉಂಟು.

ಎರಡು ಮೂರು ಪ್ರತಿ ತೆಗೆದುಕೊಳ್ಳಿ. ಒಂದನ್ನು ಪತ್ರದ ಜೊತೆ ಎಫ್‌ಐಆರ್ ಆದ ಠಾಣೆಗೆ ಕೊಟ್ಟು, ದಾಖಲೆಯಲ್ಲಿ ಸೇರಿಸುವಂತೆ ಕೇಳಿ, ನಿಮ್ಮ ಪತ್ರದ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಕಮಿಷನರ್ ಅಥವಾ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರೌಡಿ ಶೀಟ್ ತೆರೆದಿದ್ದರೆ ಖುಲಾಸೆಯಾದ ಕೂಡಲೇ ಅದು ತಾನಾಗಿ ಮುಚ್ಚಿಹೋಗುವುದಿಲ್ಲ. ಮುಚ್ಚುವಂತೆ ಬೇರೆಯೇ ಮನವಿ ಕೊಡಬೇಕು. ಫಲ ಸಿಗದಿದ್ದರೆ ಹೈಕೋರ್ಟ್ ಉಂಟು.

ಪಾಸ್‌ಪೋರ್ಟ್ ಮತ್ತು ಪಿಸಿಸಿ

ವಿದೇಶಕ್ಕೆ ಬೇಕಾದ ಪಿಸಿಸಿಗೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಶುಲ್ಕ 500 ರೂಪಾಯಿ. 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಅವಕಾಶ ಕೊಟ್ಟಿದ್ದಾರೆ. ವಿದೇಶದಲ್ಲೇ ಇರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಪಡೆಯಬಹುದು. ಎಲ್ಲ ದೇಶಕ್ಕೂ ಇದು ಬೇಕೆಂದಿಲ್ಲ. ಭಾರತೀಯರಿಗೆ ವೀಸಾಕ್ಕೆ ಪಿಸಿಸಿ ಬೇಡವೆಂದು ಸೌದಿ ರಾಯಭಾರ ಕಚೇರಿ 2022ರ ನವೆಂಬರಿನಲ್ಲಿ ಪ್ರಕಟಿಸಿತ್ತು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಏಜೆಂಟರ ಮಾತೊಂದನ್ನೇ ನಂಬದೆ ವಿಚಾರಿಸಿಕೊಳ್ಳಿ.

ಕೇಸು ಇದ್ದ ಮಾತ್ರಕ್ಕೆ ಪಾಸ್‌ಪೋರ್ಟ್ ಸಿಗುವುದೇ ಇಲ್ಲ ಎಂಬ ಹೆದರಿಕೆ ಬೇಡ. ಎಫ್‌ಐಆರ್ ಮಾತ್ರ ಆಗಿ ತನಿಖೆಯಲ್ಲಿದ್ದರೆ ಅದನ್ನು 'ಬಾಕಿ ಇರುವ ಕ್ರಿಮಿನಲ್ ಪ್ರಕರಣ' ಎಂದು ಪರಿಗಣಿಸುವಂತಿಲ್ಲ, ನ್ಯಾಯಾಲಯ ಅದನ್ನು ವಿಚಾರಣೆಗೆ ಅಂಗೀಕರಿಸಿರಬೇಕು ಎಂದು ವಿದೇಶಾಂಗ ಸಚಿವಾಲಯ 2019ರ ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿದೆ. ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೂ ಅದೇ ಕೋರ್ಟಿನ ಅನುಮತಿ ತಂದರೆ 1993ರ ಅಧಿಸೂಚನೆಯ ಪ್ರಕಾರ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶದಲ್ಲಿ ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ ಮಾತ್ರ ಕೊಡುತ್ತಾರೆ. ಹಾಗಾಗಿ ಅನುಮತಿ ಕೇಳುವಾಗಲೇ ಎಷ್ಟು ವರ್ಷಕ್ಕೆ ಬೇಕೆಂದು ಬರೆಸಿ. ಮುಚ್ಚಿಡುವುದು ಮಾತ್ರ ಬೇಡ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಹಳೆಯ ಸಣ್ಣ ಕೇಸು ಮಾಡದ ತೊಂದರೆಯನ್ನು ಹೊಸ ಸುಳ್ಳು ಮಾಡುತ್ತದೆ.

ಹುಡುಗರು ಮತ್ತು ಸಂಬಂಧದ ವಿಚಾರಣೆ

18 ತುಂಬುವ ಮೊದಲು ಆದ ಕೇಸುಗಳಿಗೆ ಬಾಲನ್ಯಾಯ ಕಾಯ್ದೆಯ ರಕ್ಷಣೆ ಉಂಟು. ಮುಗಿದ ಅಂಥ ಕೇಸನ್ನು ನಡತೆ ಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ ಎಂದು 2015ರ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಹೆತ್ತವರು ಈ ಕಲಂ ನೆನಪಿಡಬೇಕು.

ಈಗ ಮದುವೆ ಸಂಬಂಧ ನೋಡುವಾಗಲೂ ಹುಡುಗನ ಹೆಸರನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ನೋಡಬಹುದು. ನೋಡುವುದು ತಪ್ಪಲ್ಲ. ಆದರೆ ಕೇಸು ದಾಖಲಾದವನೆಲ್ಲ ತಪ್ಪಿತಸ್ಥನಲ್ಲ, ಅದೇ ಹೆಸರಿನವನು ಅವನೇ ಆಗಿರಬೇಕೆಂದೂ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು ಕುಟುಂಬದ ಗ್ರೂಪಿಗೆ ಹಾಕುವ ಮೊದಲು ಆ ಮನೆಯವರನ್ನೇ ಕರೆದು ಒಂದು ಮಾತು ಕೇಳಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಸುಮ್ಮನೆ ಕೂರಬೇಕಾಗಿಲ್ಲ. ಜಿಲ್ಲಾ ಮತ್ತು ತಾಲೂಕು ಮಟ್ಟದಲ್ಲಿ ಕಾನೂನು ಸೇವಾ ಸಂಸ್ಥೆಗಳು ಇವೆ, ಸಹಾಯವಾಣಿ 15100. ಕಡಿಮೆ ಆದಾಯದವರಿಗೆ, ಬಂಧನದಲ್ಲಿ ಇರುವವರಿಗೆ ಉಚಿತ ನೆರವು ಸಿಗುತ್ತದೆ. ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ.

ಪಾಸ್‌ಪೋರ್ಟ್, ಆಧಾರ್, ಜಾಗದ ಪತ್ರ ಇಡುವ ಫೈಲು ಪ್ರತಿ ಮನೆಯಲ್ಲೂ ಇರುತ್ತದೆ. ಮನೆಯಲ್ಲಿ ಯಾರ ಮೇಲಾದರೂ ಎಂದಾದರೂ ಕೇಸು ಆಗಿದ್ದರೆ ಆ ಫೈಲಿಗೆ ನಾಲ್ಕು ಕಾಗದ ಸೇರಿಸಿ: ಎಫ್‌ಐಆರ್ ಪ್ರತಿ, ಸಿಎನ್‌ಆರ್ ನಂಬರ್ ಬರೆದ ಚೀಟಿ, ತೀರ್ಪಿನ ದೃಢೀಕೃತ ಪ್ರತಿ, ಠಾಣೆಗೆ ಕೊಟ್ಟ ಪತ್ರದ ಸ್ವೀಕೃತಿ. ಎಲ್ಲಿಟ್ಟಿದ್ದೀರಿ ಎಂದು ಮನೆಯ ಇನ್ನೊಬ್ಬರಿಗೂ ತಿಳಿಸಿಡಿ.