ಅಳಿದ ತೆರೆಗಳ ಲೆಕ್ಕ

ಹೊಳೆಯ ನೆರೆ ಇಳಿದ ಮೇಲೂ ಗೋಡೆಯ ಮೇಲೆ ಕೆಸರಿನ ಗೆರೆ ಉಳಿಯುತ್ತದೆ. ಕಡಲ ತೆರೆಗೆ ಅಂಥ ಗುರುತಿಲ್ಲ. ಎದ್ದಿತು, ಒಡೆಯಿತು, ಅಳಿಯಿತು. ಹಾಗಾದರೆ ನಾಲ್ವತ್ತು ವರ್ಷಗಳ ಹಿಂದೆ ಒಂದು ತೀರಕ್ಕೆ ಅಪ್ಪಳಿಸಿದ ತೆರೆಯ ಎತ್ತರವನ್ನು ಇಂದು ಅರಿಯಬಹುದೇ? ಅರಿಯಬಹುದೆಂಬುದಕ್ಕೆ ನ್ಯೂಜಿಲೆಂಡ್ ಎಂಬ ದ್ವೀಪರಾಷ್ಟ್ರ ಒಳ್ಳೆಯ ನಿದರ್ಶನ.

ಇದು ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸವೆಂದು ವಾಚಕರು ಭಾವಿಸಬಾರದು. 1968ರ ಏಪ್ರಿಲ್ 10ರಂದು ಅಲ್ಲಿಯ ವೆಲಿಂಗ್ಟನ್ ಬಂದರಿನ ಬಾಗಿಲಲ್ಲಿಯೇ ‘ವಹಿನೆ’ ಎಂಬ ಪ್ರಯಾಣಿಕರ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿ, ಐವತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅಂಥ ಕಡಲಿನ ಅಂಚಿನಲ್ಲಿ ಅಲೆತಡೆಯ ಗೋಡೆ ಎಷ್ಟು ಎತ್ತರವಿರಬೇಕು, ಮನೆ ದಡದಿಂದ ಎಷ್ಟು ದೂರವಿರಬೇಕು ಎಂದು ನಿಶ್ಚಯಿಸಲು ಹಲವು ದಶಕಗಳ ತೆರೆಗಳ ವೃತ್ತಾಂತ ಬೇಕು. ನೀರಿನಲ್ಲಿ ತೇಲುತ್ತ ತೆರೆಯನ್ನು ಅಳೆಯುವ ಉಪಕರಣಗಳಾದರೋ ಕೆಲವೇ ಎಡೆಗಳಲ್ಲಿವೆ.

ಇಲ್ಲಿ ನೆರವಿಗೆ ಬರುವುದು ಗಾಳಿ. ಅದು ಎಷ್ಟು ವೇಗದಿಂದ, ಎಷ್ಟು ಹೊತ್ತು, ಎಷ್ಟು ದೂರ ತಡೆಯಿಲ್ಲದೆ ನೀರಿನ ಮೇಲೆ ಬೀಸಿತು ಎಂಬ ಮೂರು ಸಂಗತಿಗಳು ತಿಳಿದರೆ, ಅದು ಎಬ್ಬಿಸಿದ ತೆರೆಯ ಪ್ರಮಾಣವನ್ನು ಗಣಿಸಬಹುದು. ಹಡಗುಗಳೂ ಹವಾಮಾನ ಕೇಂದ್ರಗಳೂ ಉಪಗ್ರಹಗಳೂ ಉಳಿಸಿಟ್ಟ ದಾಖಲೆಗಳಿಂದ ಹಿಂದಿನ ದಿನಗಳ ಗಾಳಿಯನ್ನು ಮೊದಲು ನಿರ್ಣಯಿಸುತ್ತಾರೆ. ಬಳಿಕ ಕಡಲನ್ನು ಚೌಕಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಚೌಕದಲ್ಲಿಯೂ ತೆರೆಗಳು ಗಾಳಿಯಿಂದ ಪಡೆದ ಶಕ್ತಿಯೆಷ್ಟು, ನೊರೆಯಾಗಿ ಒಡೆದು ಕಳೆದುಕೊಂಡದ್ದೆಷ್ಟು, ಮುಂದಿನ ಚೌಕಕ್ಕೆ ಒಯ್ದದ್ದೆಷ್ಟು ಎಂದು ಗಣಕಯಂತ್ರ ಜಮಾ-ಖರ್ಚು ಬರೆಯುತ್ತದೆ. ಹೀಗೆ 1979ರಿಂದ 1998ರ ವರೆಗಿನ ಇಪ್ಪತ್ತು ವರ್ಷಗಳ ತೆರೆಗಳನ್ನು ಲೆಕ್ಕ ಹಾಕಿ, ಅಲ್ಲಿಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು.

ತೀರದ ಬಳಿಯ ಚೌಕಗಳಷ್ಟೇ ಸಾಲವು. ದಕ್ಷಿಣದ ಕಡಲಿನಲ್ಲಿ ಹುಟ್ಟಿದ ತೆರೆಗಳು ಪೆಸಿಫಿಕ್ ಸಾಗರವನ್ನೇ ದಾಟಿ ಅಲಾಸ್ಕದ ತನಕ ಸಾಗುವುದನ್ನು 1963ರಲ್ಲಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ಅಳೆದು ತೋರಿಸಿದ್ದರು. ದೂರದ ಬಿರುಗಾಳಿಯೂ ಲೆಕ್ಕಕ್ಕೆ ಸೇರಲೇಬೇಕು.

ಫಲಿತಾಂಶವೇನು? ನೈಋತ್ಯದ ತೀರ ತೆರೆದ ಕಡಲಿಗೆ ಎದೆಯೊಡ್ಡಿ ನಿಂತಿರುವುದರಿಂದ ಅಲ್ಲಿ ತೆರೆ ಹಿರಿದು. ಈಶಾನ್ಯದ ತೀರಕ್ಕೆ ನೆಲವೇ ಮರೆ, ಅಲ್ಲಿ ತೆರೆ ಕಿರಿದು. ಒಂದೇ ನಾಡಿನ ಎರಡು ಊರುಗಳಿಗೆ ಒಂದೇ ಅಳತೆಯ ಗೋಡೆ ಸಲ್ಲದು.

ಆದರೂ ಲೆಕ್ಕವನ್ನು ಅಳತೆಯ ಒರೆಗಲ್ಲಿಗೆ ಹಚ್ಚಬೇಕು. ಚೌಕ ದೊಡ್ಡದಾದಂತೆ ಬಿರುಗಾಳಿಯ ರಭಸ ಸರಾಸರಿಯಲ್ಲಿ ಅಡಗಿ, ತೆರೆ ನಿಜಕ್ಕಿಂತ ಕುಗ್ಗಿ ತೋರುವುದುಂಟು. ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಕ್ಯಾಂಬೆಲ್ ದ್ವೀಪದ ಬಳಿ 2018ರ ಮೇ ತಿಂಗಳಲ್ಲಿ ತೇಲುವ ಉಪಕರಣವೊಂದು 23.8 ಮೀಟರ್ ಎತ್ತರದ ತೆರೆಯನ್ನು ಅಳೆಯಿತು. ಸರಾಸರಿಯನ್ನು ನಂಬಿ ಕಟ್ಟಿದ ಗೋಡೆಯನ್ನು ಅಂಥ ಒಂದು ತೆರೆ ಕ್ಷಣದಲ್ಲಿ ದಾಟೀತು. ಗಣಿತ ದಾರಿ ತೋರಲಿ, ಅಳತೆ ಅದನ್ನು ತಿದ್ದುತ್ತಿರಲಿ. ಕಡಲ ಮಗ್ಗುಲಲ್ಲಿ ಬಾಳುವವರಿಗೆ ಎರಡೂ ಬೇಕು.